ವರದಿಯ ಎರಡನೆಯ ಪುಟವನ್ನೂ ಓದಿ

ನನ್ನ ಹೆಂಡತಿಯ ಸ್ಕ್ಯಾನ್ ವರದಿಯ ಎರಡನೆಯ ಪುಟವನ್ನು ನಾನು ಓದಿದ್ದು ಅದು ಕೈಗೆ ಬಂದು ಎಂಟು ವಾರಗಳಾದ ಮೇಲೆ. ಐದನೆಯ ತಿಂಗಳ ಸ್ಕ್ಯಾನ್ ಮುಗಿಸಿ, ಎಲ್ಲ ನಾರ್ಮಲ್ ಅಂತೆ ಎಂದು ನೆಮ್ಮದಿಯಾಗಿ ಕುಳಿತವರು ದಯವಿಟ್ಟು ಇಂದೇ ಆ ಕಾಗದವನ್ನು ಹೊರಗೆ ತೆಗೆಯಿರಿ.

ನಮ್ಮದು ಆಲ್ದೂರು ಕಡೆಯ ಸಣ್ಣ ಕಾಫಿ ತೋಟ. ಆಗ ಡಿಸೆಂಬರ್, ಅರೇಬಿಕಾ ಕೊಯ್ಲಿನ ಭರಾಟೆ. ಕಣದಲ್ಲಿ ಹರಡಿದ್ದನ್ನು ಅಣ್ಣನಿಗೆ ಒಪ್ಪಿಸಿ, ಹೆಂಡತಿಯನ್ನು ಚಿಕ್ಕಮಗಳೂರಿನ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಕರೆದೊಯ್ದೆ. ಮಗುವಿನ ಮಿದುಳು, ಬೆನ್ನು, ಹೃದಯ, ಕೈಕಾಲುಗಳನ್ನು ಒಂದೊಂದಾಗಿ ನೋಡುವ ಅನಾಮಲಿ ಸ್ಕ್ಯಾನ್ ಅದು. 18ರಿಂದ 22 ವಾರದೊಳಗೆ ಆಗಬೇಕು. ನಮಗೆ ಆಗ 20 ವಾರ.

ಮಗು ಬೆನ್ನು ಕೆಳಗೆ ಮಾಡಿ ಮಲಗಿದೆ, ತಲೆಯೂ ತುಂಬ ಕೆಳಗಿದೆ ಎಂದು ಸ್ಕ್ಯಾನ್ ಮಾಡುತ್ತಿದ್ದವರು ಗೊಣಗಿದ್ದು ಕೇಳಿಸಿತ್ತು. ಹಾಗೆಂದರೇನೆಂದು ನಾನು ಕೇಳಲಿಲ್ಲ. ಗೋಡೆಯ ಮೇಲೆ ಲಿಂಗ ಪತ್ತೆ ಅಪರಾಧ ಎಂಬ ಫಲಕ, ಆಗಷ್ಟೇ ಸಹಿ ಹಾಕಿಸಿಕೊಂಡಿದ್ದ ಕಾಗದಗಳು. ಬಾಯಿ ತೆರೆದರೆ ಎಲ್ಲಿ ತಪ್ಪಾಗುತ್ತದೋ ಎಂಬ ಅಳುಕು. 1994ರ ಆ ಕಾಯ್ದೆ ತಡೆಯುವುದು ಗಂಡೋ ಹೆಣ್ಣೋ ಎಂದು ತಿಳಿಯುವುದನ್ನು, ತಿಳಿಸುವುದನ್ನು. ಬೆನ್ನುಮೂಳೆ ಪೂರ್ತಿ ಕಂಡಿತೇ ಎಂದು ಕೇಳುವುದಕ್ಕೆ ಅದು ಅಡ್ಡಿಯಲ್ಲ. ನನ್ನಂತೆ ಮೂಕನಾಗಿ ನಿಂತ ಗಂಡಂದಿರು ಬಹಳ ಮಂದಿ ಇದ್ದಾರೆಂದು ಆಮೇಲೆ ತಿಳಿಯಿತು.

ವರದಿಯ ಮೊದಲ ಪುಟದಲ್ಲಿ ಎದೆಬಡಿತ, ತೂಕ, ವಾರದ ಲೆಕ್ಕ ಎಲ್ಲ ಸರಿಯಿತ್ತು. ಅದನ್ನು ಮಡಿಚಿ ತಾಯಿ ಕಾರ್ಡಿನೊಳಗೆ ಇಟ್ಟೆವು. ಎರಡನೆಯ ಪುಟದಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಹೀಗಿತ್ತು: ಮಗುವಿನ ಭಂಗಿಯಿಂದಾಗಿ ಬೆನ್ನುಮೂಳೆ ಮತ್ತು ಕಿರುಮಿದುಳು (ಮಿದುಳಿನ ಹಿಂಭಾಗದ ಸಣ್ಣ ಭಾಗ) ಸರಿಯಾಗಿ ಕಾಣಲಿಲ್ಲ, ಒಂದು ವಾರದ ನಂತರ ಮತ್ತೆ ನೋಡಬೇಕು. ಕಿರುಮಿದುಳಿನ ಅಳತೆಯ ಜಾಗ ಖಾಲಿ. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ತಿಂಗಳ ತಪಾಸಣೆಯಲ್ಲೂ ಯಾರೂ ಪುಟ ತಿರುಗಿಸಲಿಲ್ಲ.

ಫೆಬ್ರವರಿಯಲ್ಲಿ, 28ನೇ ವಾರದಲ್ಲಿ, ಬೆಳವಣಿಗೆ ನೋಡಲು ಬೇರೆ ಕಡೆ ಸ್ಕ್ಯಾನ್ ಮಾಡಿದ ವೈದ್ಯೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ಮಿದುಳಿನೊಳಗೆ ನೀರು ತುಂಬಿರುವ ಕೋಣೆಗಳ ಅಗಲ 10 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ನಮ್ಮ ಮಗುವಿಗೆ 16 ಇತ್ತು. ಸೊಂಟದ ಹತ್ತಿರ ಬೆನ್ನುಮೂಳೆ ಮುಚ್ಚಿಕೊಂಡಿರಲಿಲ್ಲ. ಸ್ಪೈನಾ ಬೈಫಿಡಾ ಎಂಬ ಹೆಸರನ್ನು ಅಂದೇ ಮೊದಲು ಕೇಳಿದ್ದು.

ಬೆಂಗಳೂರಿನ ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಬೆನ್ನು ತೆರೆದಿದ್ದರೆ ಮಿದುಳಿನ ಹಿಂಭಾಗ ಕೆಳಕ್ಕೆ ಜಗ್ಗುತ್ತದೆ. ಕಿರುಮಿದುಳು ಬಾಳೆಹಣ್ಣಿನಂತೆ ಬಾಗುತ್ತದೆ, ತಲೆಬುರುಡೆ ಮುಂದುಗಡೆ ನಿಂಬೆಹಣ್ಣಿನಂತೆ ಕಾಣುತ್ತದೆ. ಹಾಗಾಗಿ ಬೆನ್ನಿನ ದೋಷದ ಸುಳಿವು ಎಷ್ಟೋ ಸಲ ಮೊದಲು ತಲೆಯಲ್ಲಿ ಸಿಗುತ್ತದೆ. ನಮ್ಮ ವರದಿಯಲ್ಲಿ ಖಾಲಿ ಬಿಟ್ಟಿದ್ದದ್ದು ಸರಿಯಾಗಿ ಆ ಜಾಗವನ್ನೇ.

ಕೆಲವು ಮಕ್ಕಳಿಗೆ ಗರ್ಭದಲ್ಲಿರುವಾಗಲೇ ಶಸ್ತ್ರಚಿಕಿತ್ಸೆ ಮಾಡುವುದುಂಟಂತೆ, ಅದೂ 26 ವಾರದೊಳಗೆ. ಗರ್ಭಪಾತದ ಕಾನೂನಿನಲ್ಲೂ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಡಿಸೆಂಬರಿನಲ್ಲೇ ತಿಳಿದಿದ್ದರೆ ನಾವು ಏನು ಮಾಡುತ್ತಿದ್ದೆವೋ ಹೇಳಲಾರೆ. ಬಹುಶಃ ಮಗುವನ್ನೇ ಉಳಿಸಿಕೊಳ್ಳುತ್ತಿದ್ದೆವು. ಆದರೆ ಕುಳಿತು ಮಾತಾಡಲು ಎಂಟು ವಾರ ಇರುತ್ತಿತ್ತು.

ಆ ಮೊದಲ ಕೇಂದ್ರಕ್ಕೆ ಹೋಗಿ ಕೇಳಿದೆ. ಅವರು ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು: "ಬರೆದಿದ್ದೇವಲ್ಲ." ಬರೆದಿದ್ದರು, ನಿಜ.

ಸ್ಕ್ಯಾನ್ ಮುಗಿದ ಕೂಡಲೇ ಅಲ್ಲೇ ನಿಂತು ಕೇಳಿ: ಕಿರುಮಿದುಳು ಕಂಡಿತೇ, ಬೆನ್ನುಮೂಳೆ ಕುತ್ತಿಗೆಯಿಂದ ಕೊನೆಯವರೆಗೆ ಕಂಡಿತೇ, ಮತ್ತೆ ಬರಬೇಕೇ? ಇಂಗ್ಲಿಷ್ ಬಾರದಿದ್ದರೆ ಓದಿ ಹೇಳಿಸಿಕೊಳ್ಳಿ. ಮೂರನೆಯ ತಿಂಗಳಲ್ಲಿ ಒಂದು ಸ್ಕ್ಯಾನ್ ಆಗಿದೆಯಲ್ಲ ಎಂದು ಇದನ್ನು ಬಿಡಬೇಡಿ. ಅಷ್ಟು ಬೇಗ ಕಾಣುವ ದೋಷಗಳು ಕೆಲವು ಮಾತ್ರ. ಎಲ್ಲ ಸರಿಯಾಗಿ ಮಾಡಿದರೂ ಯಂತ್ರಕ್ಕೆ ತಪ್ಪಿಹೋಗುವ ದೋಷಗಳಿವೆ, ಅದು ಬೇರೆ ಮಾತು.

ಮಗಳಿಗೆ ಈಗ ಎರಡು ವರ್ಷ. ಹುಟ್ಟಿದ ಮರುದಿನವೇ ಬೆನ್ನಿನ ಶಸ್ತ್ರಚಿಕಿತ್ಸೆ, ಮುಂದೆ ತಲೆಯ ನೀರು ಇಳಿಸಲು ಶಂಟ್ ಎಂಬ ಸಣ್ಣ ಕೊಳವೆ. ಕುಳಿತುಕೊಳ್ಳುತ್ತಾಳೆ, ತುಂಬ ಮಾತಾಡುತ್ತಾಳೆ, ಕಾಲಿನಲ್ಲಿ ಇನ್ನೂ ಬಲವಿಲ್ಲ. ಎರಡನೆಯ ಮಗುವಿನ ಬಗ್ಗೆ ಯೋಚಿಸುವ ಮೊದಲೇ ಹೆಂಡತಿಗೆ ವೈದ್ಯರು, ಈ ದೋಷ ಮತ್ತೆ ಬರುವ ಸಾಧ್ಯತೆ ತಗ್ಗಿಸಲು, 5 ಮಿಲಿಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ಗರ್ಭ ನಿಂತು ನಾಲ್ಕು ವಾರದೊಳಗೆ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುತ್ತದಂತೆ. ಹಿಂದಿನ ಸಲ ಮಾತ್ರೆ ಶುರು ಮಾಡಿದ್ದು ತಾಯಿ ಕಾರ್ಡ್ ಕೈಗೆ ಬಂದ ಮೇಲೆ, ಮೂರನೆಯ ತಿಂಗಳಲ್ಲಿ.