ಬಯಾಪ್ಸಿ ಇಲ್ಲದೆ ಮಚ್ಚೆ ಸುಡಿಸಬೇಡಿ

ಬೆಂಗಳೂರಲ್ಲಿ ಈಗ ರಸ್ತೆಗೊಂದು ಸ್ಕಿನ್ ಕ್ಲಿನಿಕ್. ಲೇಸರಲ್ಲಿ ಮಚ್ಚೆ, ನರಹುಲಿ ತೆಗೆಸೋಕೆ ಹೊರಟಿದ್ದರೆ ಮೊದಲು ಇದನ್ನು ಓದಿ. ಬಯಾಪ್ಸಿ ಅಂದರೆ ಸಣ್ಣ ತುಣುಕು ತೆಗೆದು ಲ್ಯಾಬಲ್ಲಿ ಪರೀಕ್ಷೆ ಮಾಡಿಸೋದು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಂತೂ ತಪ್ಪದೆ ಓದಿ.

ನಮ್ಮ ಮಾವನವರಿಗೆ ಮೂಗಿನ ಪಕ್ಕ ಒಂದು ಕಪ್ಪು ಚುಕ್ಕೆ ಇತ್ತು. ಹುಟ್ಟು ಮಚ್ಚೆ ಅಲ್ಲ, ವಯಸ್ಸಾದ ಮೇಲೆ ಬಂದದ್ದು. ನಡುವೆ ಸಣ್ಣ ಗುಳಿ, ಸುತ್ತ ಅಂಚು ಉಬ್ಬಿ ಮಿರಿಮಿರಿ ಹೊಳೆಯುತ್ತಿತ್ತು. ನೋವಿಲ್ಲ, ತುರಿಕೆ ಇಲ್ಲ. ಸ್ನಾನ ಮಾಡಿ ಟವೆಲಲ್ಲಿ ಒರೆಸಿದಾಗ ಒಂದು ಹನಿ ರಕ್ತ, ಆಮೇಲೆ ಹಕ್ಕಳೆ, ಇನ್ನೇನು ವಾಸಿ ಆಯ್ತು ಅನ್ನುವಷ್ಟರಲ್ಲಿ ಹಕ್ಕಳೆ ಉದುರಿ ಮತ್ತೆ ರಕ್ತ.

ಹೋಗಿದ್ದು ದಕ್ಷಿಣ ಬೆಂಗಳೂರಿನ ಒಂದು ಕ್ಲಿನಿಕ್‌ಗೆ, ಹೆಸರು ಬೇಡ. ಎಸಿ, ಸೋಫಾ, ಗ್ರೀನ್ ಟೀ. ಬಿಳಿ ಕೋಟಿನ ಹುಡುಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಮಾಮೂಲಿ ಮಚ್ಚೆ ಅಂಕಲ್, ಕುತ್ತಿಗೆ ಮೇಲಿನ ನರಹುಲಿನೂ ಇದೇ ಪ್ಯಾಕೇಜಲ್ಲಿ ತೆಗೆದುಬಿಡ್ತೀವಿ" ಅಂದಳು. ಅವಳು ಡಾಕ್ಟರಲ್ಲ, ಕೌನ್ಸೆಲರ್ ಅಂತ ಗೊತ್ತಾಗಿದ್ದು ಬಿಲ್ ನೋಡಿದಾಗ. ರಕ್ತ ಬರುತ್ತೆ ಅಂತ ಒತ್ತಿ ಹೇಳಿದೆ. ಶೇವ್ ಮಾಡುವಾಗ ಬ್ಲೇಡ್ ತಾಗಿರುತ್ತೆ ಅಂದರು. ಸುಟ್ಟ ವಾಸನೆ, ಒಂದು ಮುಲಾಮು, ಒಂದು ಸನ್‌ಸ್ಕ್ರೀನ್, ಮುಗೀತು. ತೆಗೆದದ್ದನ್ನು ಲ್ಯಾಬ್‌ಗೆ ಕಳಿಸುತ್ತೀರಾ ಅಂತ ಕೇಳಿದರೆ, "ಲೇಸರಲ್ಲಿ ಕಳಿಸೋಕೆ ಏನೂ ಉಳಿಯಲ್ಲ ಮೇಡಂ" ಅಂತ ನಕ್ಕರು.

ಸಮಸ್ಯೆ ಇರುವುದೇ ಅಲ್ಲಿ. ಕೆಲವು ತಿಂಗಳಾದ ಮೇಲೆ ಕಲೆಯ ಅಂಚಿನಲ್ಲೇ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಕ್ಲಿನಿಕ್‌ನವರು "ಟಚಪ್" ಮಾಡೋಣ ಅಂದರು. ನಾವು ಅಲ್ಲಿಗೆ ಹೋಗಲಿಲ್ಲ, ಸರ್ಕಾರಿ ಆಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋದೆವು. ಅಲ್ಲಿನ ಡಾಕ್ಟರ್ ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ) ಇಟ್ಟು ನೋಡಿ ಕೇಳಿದ ಮೊದಲ ಪ್ರಶ್ನೆ: "ಹಳೇ ಬಯಾಪ್ಸಿ ರಿಪೋರ್ಟ್ ಎಲ್ಲಮ್ಮಾ?" ಎಲ್ಲಿಂದ ತರೋದು? ಮರಗಟ್ಟೋ ಇಂಜೆಕ್ಷನ್ ಕೊಟ್ಟು ಸಣ್ಣ ತುಣುಕು ತೆಗೆದು ಫಾರ್ಮಲಿನ್ ಡಬ್ಬಿಗೆ ಹಾಕಿದರು, ಒಂದು ಹೊಲಿಗೆ. ರಿಪೋರ್ಟ್ ಬಂತು: ಬೇಸಲ್ ಸೆಲ್ ಕಾರ್ಸಿನೋಮಾ.

ಪ್ರಪಂಚದಲ್ಲಿ ಅತಿ ಹೆಚ್ಚು ಕಾಣುವ ಚರ್ಮದ ಕ್ಯಾನ್ಸರ್ ಇದು. ನಿಧಾನಕ್ಕೆ ಬೆಳೆಯುತ್ತೆ, ಮೈಯ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ. ಹಾಗಂತ ಸುಮ್ನೆ ಬಿಟ್ಟರೆ ಅಲ್ಲಲ್ಲೇ ಆಳಕ್ಕೆ ಇಳಿದು ಮೃದು ಮೂಳೆಯನ್ನೂ ತಿನ್ನುತ್ತೆ. ಬಿಳಿಯರಲ್ಲಿ ಹೆಚ್ಚಾಗಿ ಗುಲಾಬಿ ಬಣ್ಣದ ಗುಳ್ಳೆಯಾಗಿ ಕಾಣುವುದು ನಮ್ಮಲ್ಲಿ ಬಹಳ ಸಲ ಕಪ್ಪಗಿರುತ್ತೆ, ಅದಕ್ಕೇ ಮಚ್ಚೆ ಅಂದುಕೊಳ್ಳುತ್ತಾರೆ. ಮೇಲಿನ ಸೊಪ್ಪು ಕೊಯ್ದು ಗೆಡ್ಡೆ ಬಿಟ್ಟ ಹಾಗೆ ಮಾಡಿದ್ದಾರೆ ಅಂದರು ಡಾಕ್ಟರ್. ಸಣ್ಣದಿದ್ದಾಗಲೇ ಸುತ್ತ 4 ಮಿಲಿಮೀಟರ್ ಒಳ್ಳೇ ಚರ್ಮ ಸೇರಿಸಿ ಕೊಯ್ದಿದ್ದರೆ ಸಾಮಾನ್ಯವಾಗಿ ಸಾಕಾಗುತ್ತೆ. ಸುಟ್ಟ ಕಲೆ ಕೆಳಗೆ ಮತ್ತೆ ಬೆಳೆದದ್ದಕ್ಕೆ ಗಡಿ ಎಲ್ಲಿ ಅಂತ ಕಣ್ಣಿಗೆ ಗೊತ್ತಾಗಲ್ಲ. ಇಂಥದಕ್ಕೆ ಮೋಸ್ ಸರ್ಜರಿ ಅಂತ ಇದೆ, ಪದರ ಪದರವಾಗಿ ತೆಗೆದು ಆಗಲೇ ಮೈಕ್ರೋಸ್ಕೋಪಲ್ಲಿ ನೋಡಿ, ಅಂಚು ಶುದ್ಧ ಅಂತ ಆದ ಮೇಲೆ ನಿಲ್ಲಿಸುತ್ತಾರೆ. ಮಾವನವರಿಗೆ ದೊಡ್ಡದಾಗಿ ಕೊಯ್ದು ಕೆನ್ನೆಯ ಚರ್ಮ ತಿರುಗಿಸಿ ಹೊಲಿಯಬೇಕಾಯಿತು.

ಅದೇ ಮೆಲನೋಮಾ, ಅಂದರೆ ಬೇರೆ ಕಡೆಗೆ ಹರಡುವ ಇನ್ನೊಂದು ಚರ್ಮದ ಕ್ಯಾನ್ಸರ್ ಆಗಿದ್ದರೆ? ಅದು ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಅನ್ನೋದರ ಮೇಲೇ ಮುಂದಿನ ಚಿಕಿತ್ಸೆ ನಿಂತಿರುತ್ತೆ. ಸುಟ್ಟುಬಿಟ್ಟರೆ ಅಳೆಯೋದೇನನ್ನು?

"ನಮ್ಮ ಬಣ್ಣದವರಿಗೆ ಇದೆಲ್ಲ ಬರಲ್ಲ" ಅಂತ ನೆಂಟರೊಬ್ಬರು ಈಗಲೂ ವಾದ ಮಾಡುತ್ತಾರೆ. ಕಡಿಮೆ ಅನ್ನೋದು ನಿಜ, ಬರಲ್ಲ ಅನ್ನೋದು ಸುಳ್ಳು. ನಮ್ಮಂಥವರಿಗೆ ಮೆಲನೋಮಾ ಬಂದರೆ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಹಲವು ಉಗುರಲ್ಲಿ ಕಪ್ಪು ಗೆರೆ ಇರುವುದು ನಮ್ಮಲ್ಲಿ ಮಾಮೂಲು. ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲ ಆಗುತ್ತಾ ಹೋದರೆ ತೋರಿಸಿ. ಹಳೇ ಸುಟ್ಟ ಗಾಯದ ಕಲೆ ಮೇಲೆ ಎಷ್ಟು ದಿನ ಆದರೂ ಮಾಯದ ಹುಣ್ಣು ಎದ್ದರೂ ಅಷ್ಟೇ, ಅಲ್ಲೂ ಕ್ಯಾನ್ಸರ್ ಆಗಬಹುದು.

ಎಲ್ಲ ಸುಡುವುದೂ ತಪ್ಪು ಅಂತಲ್ಲ. ಬಿಸಿಲಿಗೆ ಆಗುವ ಒರಟು ಪೊರೆಯಂಥ ಆಕ್ಟಿನಿಕ್ ಕೆರಟೋಸಿಸ್ ಅಂತ ಇದೆ, ಅದು ಕ್ಯಾನ್ಸರ್‌ಗೆ ಮುಂಚಿನ ಹಂತ. ಅದನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ತೆಗೆಯುತ್ತಾರೆ, ಹಚ್ಚೋ ಕ್ರೀಮೂ ಇದೆ. ಆದರೆ ಅದು ಅದೇ ಅಂತ ಹೇಳಬೇಕಾದವರು ಚರ್ಮದ ಡಾಕ್ಟರು. ಕೌನ್ಸೆಲರ್ ಅಲ್ಲ, ಮೆಡಿಕಲ್ ಶಾಪಿನವರೂ ಅಲ್ಲ.

ಹಾಗಾಗಿ ಗೋಡೆ ನೋಡಿ. ಕ್ಲಿನಿಕ್‌ನ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಡಾಕ್ಟರ ಮೆಡಿಕಲ್ ಕೌನ್ಸಿಲ್ ನಂಬರ್ ಕಾಣಬೇಕು. ಅನುಮಾನ ಇರೋ ಯಾವುದನ್ನೇ ಆಗಲಿ ತೆಗೆಯುವ ಮೊದಲು "ಲ್ಯಾಬ್‌ಗೆ ಹೋಗುತ್ತಾ?" ಅಂತ ಕೇಳಿ, ಇಲ್ಲ ಅಂದರೆ ಎದ್ದು ಬನ್ನಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ ಅಲ್ವಾ, ಚರ್ಮದ ಬಯಾಪ್ಸಿಯಿಂದ ಹಾಗೆಲ್ಲ ಆಗಲ್ಲ. ರಿಪೋರ್ಟ್ ಜೊತೆ ಲ್ಯಾಬಿನಿಂದ ಸ್ಲೈಡು, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳಿ ಇಸ್ಕೊಳ್ಳಿ. ಮುಂದೆ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಎರಡನೇ ಅಭಿಪ್ರಾಯಕ್ಕೆ ಹೋದರೆ ಅದನ್ನೇ ಮತ್ತೆ ನೋಡಿ ಹೇಳುತ್ತಾರೆ.