ಕೂಚಿಪೂಡಿಯೋ, ಪೇರಿಣಿಯೋ?

ತೆಲುಗು ನೃತ್ಯ ಕಲಿಯಬೇಕೆಂದಿದ್ದರೆ ಮೊದಲು ನಿಮ್ಮ ಸ್ವಭಾವ ನೋಡಿಕೊಳ್ಳಿ. ಅಭಿನಯ, ತುಂಟತನ ಇಷ್ಟವೇ? ಹಾಗಾದರೆ ಆಂಧ್ರದ ಕೃಷ್ಣಾ ಜಿಲ್ಲೆಯ ಕೂಚಿಪೂಡಿಯೇ ಸರಿ. ಅದರ ಭಾಮಾಕಲಾಪ ಎಂಬ ನೃತ್ಯನಾಟಕದಲ್ಲಿ ಸತ್ಯಭಾಮೆ ಮುಖ ತೋರಿಸುವ ಮೊದಲೇ ತೆರೆಯ ಮೇಲಿಂದ ಜಡೆ ಇಳಿಬಿಟ್ಟು ಗತ್ತು ತೋರುತ್ತಾಳೆ. ತರಂಗ ಎಂಬ ನೃತ್ಯದಲ್ಲಂತೂ ಹಿತ್ತಾಳೆ ತಟ್ಟೆಯ ಮೇಲೆ ನಿಂತು, ಅದರ ಅಂಚನ್ನು ಕಾಲ್ಬೆರಳಲ್ಲಿ ಹಿಡಿದು, ತಾಳ ತಪ್ಪದೆ ಸರಿಯಬೇಕು. ಹಿಂದೆ ಇದೆಲ್ಲ ಗಂಡಸರದೇ ಪಾರುಪತ್ಯ ಎಂದರೆ ಈಗಿನವರು ನಂಬುವುದಿಲ್ಲ!

ತೆಲಂಗಾಣದ ಪೇರಿಣಿಯಲ್ಲಿ ಕಥೆ ಕಡಿಮೆ, ಕಸುವು ಹೆಚ್ಚು. ಕಾಕತೀಯರ ಕಾಲದ ಈ ಕುಣಿತವನ್ನು ನೃತ್ಯಗುರು ನಟರಾಜ ರಾಮಕೃಷ್ಣ ಅವರು ಕಾಕತೀಯರ ಸೇನಾನಿ ಜಾಯಪನ ನೃತ್ಯಗ್ರಂಥ ನೃತ್ತರತ್ನಾವಳಿ ಓದಿ, 1213ರ ರಾಮಪ್ಪ ಗುಡಿಯ ಶಿಲ್ಪಗಳನ್ನು ನೋಡಿ ಮತ್ತೆ ಕಟ್ಟಿದರು. ಕೂಚಿಪೂಡಿಗೆ ಸಿಗುವಷ್ಟು ಸುಲಭವಾಗಿ ಇದಕ್ಕೆ ಗುರು ಸಿಗರು.

ವರ್ಷಗಟ್ಟಲೆ ಅಭ್ಯಾಸ ಆಗದೇ? ಕೋಲಾಟಂ ಇದೆ, ನಮ್ಮ ಕೋಲಾಟ ಬಂದರೆ ಅರ್ಧ ಬಂದಂತೆಯೇ.