ಒಂದೇ ದೊಡ್ಡ ಪ್ರಬಂಧವೋ, ವಾರಕ್ಕೊಂದು ಪುಟವೋ?

ನನ್ನ ಓಟು ವಾರಕ್ಕೊಂದು ಪುಟ ಬರೆಸುವ ಸೆಮಿನಾರಿಗೆ (ಓದಿ ಬಂದು ಚರ್ಚಿಸುವ ಕೋರ್ಸು). ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅಂತ ದೂರಬೇಡಿ.

ರಾಜಕೀಯ ಸಿದ್ಧಾಂತದ ಎರಡು ಸೆಮಿನಾರ್‌ಗಳನ್ನು ಒಂದರ ಹಿಂದೆ ಒಂದು ತಗೊಂಡು ಮುಗಿಸಿದ್ದೇನೆ. ಎರಡರಲ್ಲೂ ಓದಬೇಕಾದ ಚಿಂತಕರು ಹೆಚ್ಚುಕಮ್ಮಿ ಅವರೇ: ಪ್ಲೇಟೋ, ಹಾಬ್ಸ್, ಲಾಕ್, ರೂಸೋ, ಮಿಲ್, ಕೊನೆಗೆ ರಾಲ್ಸ್. ಆದರೆ ಅಂಕ ಹಂಚಿದ ರೀತಿಯಲ್ಲಿ ಅಜಗಜಾಂತರ. ಮೊದಲನೆಯದರಲ್ಲಿ ಕೊನೆಯ ದೊಡ್ಡ ಪ್ರಬಂಧಕ್ಕೆ ಶೇ 70, ಉಳಿದ ಶೇ 30 ತರಗತಿಯಲ್ಲಿ ಪಾಲ್ಗೊಂಡದ್ದಕ್ಕೆ. ಅಷ್ಟೇ. ಎರಡನೆಯದರಲ್ಲಿ ವಾರದ ಪುಟಗಳಿಗೆ ಶೇ 40, ಒಂದು ಮಂಡನೆಗೆ ಶೇ 15, ಕೊನೆಯ ಪ್ರಬಂಧಕ್ಕೆ ಶೇ 35, ಚರ್ಚೆಗೆ ಬರೀ ಶೇ 10.

ನನ್ನ ತಲೆ ಕೆಡಿಸಿದ್ದು ಆ ಶೇ 30.

ಸಿಲಬಸ್‌ನಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: ಚರ್ಚೆಯಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕು. ಸಕ್ರಿಯ ಅಂದರೆ ಏನು? ಜಾಸ್ತಿ ಮಾತಾಡುವುದಾ? ಓದಿಕೊಂಡು ಬಂದು ಒಂದೇ ಒಂದು ಒಳ್ಳೆ ಪ್ರಶ್ನೆ ಕೇಳಿದರೆ ಸಾಕಾ? ಸುಮ್ನೆ ಕೂತು ಗಮನವಿಟ್ಟು ಕೇಳಿದವರಿಗೆ ಸೊನ್ನೆಯಾ? ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಏನಾಗುತ್ತೆ ಹೇಳಿ? ಬಾಯಿ ಜೋರಿದ್ದವರು ಗೆಲ್ಲುತ್ತಾರೆ.

ಹಾಬ್ಸ್ ವಾರದಲ್ಲಿ ನಡೆದದ್ದನ್ನೇ ನೋಡಿ. ಅವನ ‘ಲೆವಯಥನ್’ ಪುಸ್ತಕದ 13ನೇ ಅಧ್ಯಾಯ ಓದಿ ಬರಬೇಕಿತ್ತು. ಒಬ್ಬರು ಶುರು ಮಾಡಿದರು, ‘ಮನುಷ್ಯ ಹುಟ್ಟಾ ಕೆಟ್ಟವನು ಅಂತ ಹಾಬ್ಸ್ ಹೇಳ್ತಾನೆ’ ಅಂತ. ಇನ್ನೊಬ್ಬರು ಅದಕ್ಕೆ ಹೌದೆಂದರು. ಮತ್ತೊಬ್ಬರು ಅಲ್ಲವೆಂದರು. ಮಾತು ಅಲ್ಲಿಂದ ಆ ದಿನದ ಸುದ್ದಿಗೆ ಹಾರಿ ಅಲ್ಲೇ ಉಳಿಯಿತು. ನನ್ನ ಪಕ್ಕ ಕೂತಿದ್ದ ಸಹಪಾಠಿ ತನ್ನ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಅದೇ ಅಧ್ಯಾಯದ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು: ಮನುಷ್ಯನ ಆಸೆ, ಆವೇಗಗಳು ತಮ್ಮಷ್ಟಕ್ಕೆ ಪಾಪವಲ್ಲ ಅನ್ನುವ ಸಾಲು. ಇಡೀ ಚರ್ಚೆಯ ಬುಡವನ್ನೇ ಅಲ್ಲಾಡಿಸುವ ಮಾತು ಅದು. ಅವಳಿಗೆ ಬಾಯಿ ತೆರೆಯಲು ಸಂದು ಸಿಗುವಷ್ಟರಲ್ಲಿ ಗಂಟೆ ಮುಗಿದಿತ್ತು. ಆ ದಿನ ಅಂಕ ಯಾರಿಗೆ ಬಿದ್ದಿರಬಹುದು?

ಇನ್ನೊಂದು ಕಿರಿಕಿರಿ, ಈ ಅಂಕ ಎಷ್ಟು ಅಂತ ಕೊನೆಯವರೆಗೂ ಯಾರಿಗೂ ತಿಳಿಯುವುದಿಲ್ಲ. ಅರ್ಧ ಸೆಮಿಸ್ಟರ್ ಆದಾಗ ಹೋಗಿ ಕೇಳಿದೆ. ‘ಚೆನ್ನಾಗಿದೆ, ಹೀಗೇ ಮುಂದುವರಿಸಿ’ ಎಂದರು ಮೇಷ್ಟ್ರು. ಮುಂದುವರಿಸಿದೆ. ಕೊನೆಗೆ ಬಂದ ಅಂಕ ‘ಚೆನ್ನಾಗಿದೆ’ಗೆ ಕೊಡುವಂಥದ್ದಾಗಿರಲಿಲ್ಲ. ಪ್ರಬಂಧವೂ ಗ್ರೇಡ್ ಹೊತ್ತುಕೊಂಡೇ ವಾಪಸ್ ಬಂತು. ಕೆಳಗೆ ಒಂದು ಸಾಲು: ‘ಸಾರಾಂಶ ಜಾಸ್ತಿ, ವಾದ ಕಡಿಮೆ.’ ಮಾತು ನಿಜವೇ ಇರಬಹುದು. ಆದರೆ ಆ ಹೊತ್ತಿಗೆ ಕೋರ್ಸೇ ಮುಗಿದಿತ್ತಲ್ಲ, ತಗೊಂಡು ಏನು ಮಾಡಲಿ?

ಎರಡನೆಯದರಲ್ಲಿ ಇದನ್ನೆಲ್ಲ ಸಿಲಬಸ್‌ನಲ್ಲೇ ಬಿಡಿಸಿ ಬರೆದಿದ್ದರು. ಮಾತಾಡುವವರು ಪುಟ ತೋರಿಸಿ ಮಾತಾಡಬೇಕು. ಹಿಂದಿನ ರಾತ್ರಿ ಪ್ರಶ್ನೆ ಬರೆದು ಕಳಿಸಿದರೂ ಪಾಲ್ಗೊಂಡ ಲೆಕ್ಕವೇ. ಮಾತಾಡಲು ಹಿಂಜರಿಯುವವರಿಗೂ ಒಂದು ದಾರಿ ಇತ್ತು.

ಇನ್ನು ಆ ವಾರದ ಪುಟ. ಸಾರಾಂಶ ಬರೆದರೆ ಟಿಕ್ ಮೈನಸ್, ಪಠ್ಯದ ಒಂದು ಜಾಗ ಹಿಡಿದು ಪ್ರಶ್ನೆ ಎತ್ತಿದರೆ ಟಿಕ್, ಆ ಪ್ರಶ್ನೆಯನ್ನು ಎಲ್ಲಿಗಾದರೂ ಕೊಂಡೊಯ್ದರೆ ಟಿಕ್ ಪ್ಲಸ್. ತೀರಾ ಕಡಿಮೆ ಬಂದ ಎರಡು ಪುಟ ಲೆಕ್ಕಕ್ಕಿಲ್ಲ. ನಾನು ಒಮ್ಮೆ ಹಾಬ್ಸ್‌ನ 21ನೇ ಅಧ್ಯಾಯ ಹಿಡಿದೆ. ಅವನ ಪ್ರಕಾರ, ಆಳುವ ಪ್ರಭು ಯಾರಿಗಾದರೂ ಮರಣದಂಡನೆ ಕೊಟ್ಟರೆ ಅದು ಅನ್ಯಾಯವಲ್ಲ. ಆದರೆ ಸಾಯಬೇಕಾದವನು ತನ್ನನ್ನು ಕೊಲ್ಲಲು ಬಂದವರನ್ನು ತಡೆಯಬಹುದು, ಅದೂ ಅನ್ಯಾಯವಲ್ಲ. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ ಅಂತ ಬರೆದೆ. ಪುಟ ಮುಂದಿನ ತರಗತಿಗೇ ಕೈಗೆ ಬಂತು. ಅಂಚಿನಲ್ಲಿ ಹಸಿರು ಇಂಕಿನ ಟಿಪ್ಪಣಿ: ‘ತೀರ್ಪು ಕೊಡುವ ಮುಂಚೆ ಹಾಬ್ಸ್ ಪರ ವಕೀಲಿಕೆ ಮಾಡಿ ಒಂದು ಪ್ಯಾರಾ ಬರೆಯಿರಿ.’ ಬರೆದೆ. ಜೀವ ಉಳಿಸಿಕೊಳ್ಳಲೆಂದೇ ಪ್ರಭುವಿಗೆ ಅಧಿಕಾರ ಕೊಡುವ ಒಪ್ಪಂದಕ್ಕೆ ಬಂದವನು ಜೀವ ಕಾಯುವ ಹಕ್ಕನ್ನೇ ಬಿಟ್ಟುಕೊಡಲು ಹೇಗೆ ಸಾಧ್ಯ ಅನ್ನುವುದು ಆಗ ಹೊಳೆಯಿತು. ಕೊನೆಯ ಪ್ರಬಂಧ ಆ ಪ್ಯಾರಾದಿಂದಲೇ ಬೆಳೆದದ್ದು.

ಮಂಡನೆ ಎರಡನೆಯದರಲ್ಲಿ ಮಾತ್ರ ಇತ್ತು. ಹತ್ತು ನಿಮಿಷ, ಸ್ಲೈಡ್ ಇಲ್ಲ, ಒಳ್ಳೆಯದಾಯಿತು.

ಉಲ್ಲೇಖದ ವಿಷಯದಲ್ಲೂ ಎರಡನೆಯದೇ ವಾಸಿ. ಪ್ಲೇಟೋನನ್ನು ಪುಟಸಂಖ್ಯೆಯಿಂದ ಅಲ್ಲ, ಅಂಚಿನಲ್ಲಿರುವ ಸ್ಟೆಫಾನಸ್ ಅಂಕಿಯಿಂದಲೇ ಉಲ್ಲೇಖಿಸಬೇಕು ಅಂತ ನಿಯಮ. ಸ್ಟೆಫಾನಸ್ ಅನ್ನುವ ಮುದ್ರಕ 1578ರಲ್ಲಿ ತಂದ ಪ್ಲೇಟೋ ಕೃತಿಗಳ ಮುದ್ರಣದಿಂದ ಬಂದ ಅಂಕಿಗಳಿವು. ಪ್ಲೇಟೋನ ‘ರಿಪಬ್ಲಿಕ್’ನಲ್ಲಿ, ನ್ಯಾಯ ಅಂದರೆ ಬಲಶಾಲಿಯ ಲಾಭ ಅಂತ ಥ್ರಾಸಿಮಾಕಸ್ ಅನ್ನುವ ಪಾತ್ರ ಹೇಳುವುದು 338ಸಿಯಲ್ಲಿ. ಯಾರ ಕೈಯಲ್ಲಿ ಯಾವ ಅನುವಾದ ಇದ್ದರೂ ಎಲ್ಲರೂ ಒಂದೇ ಜಾಗಕ್ಕೆ ಬರುತ್ತಾರೆ. ಮೊದಲ ಸೆಮಿನಾರ್‌ನಲ್ಲಿ ‘ಯಾವ ಪುಟ, ಯಾವ ಪುಟ’ ಅನ್ನುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು.

ದೊಡ್ಡ ಪ್ರಬಂಧದ ಪರವಾಗಿಯೂ ಒಂದು ಮಾತಿದೆ. ನ್ಯಾಯದ ಬಗ್ಗೆ ರಾಲ್ಸ್ 1971ರಲ್ಲಿ ಹೇಳಿದ್ದಕ್ಕೆ ಇನ್ನೊಬ್ಬ ಚಿಂತಕ ನೋಜಿಕ್ 1974ರಲ್ಲಿ ಕೊಟ್ಟ ಉತ್ತರವನ್ನು ಒಂದು ಪುಟದಲ್ಲಿ ಹಿಡಿಯಲು ಆಗುವುದಿಲ್ಲ. ಮುಂದೆ ಪಿಎಚ್‌ಡಿಗೆ ಅರ್ಜಿ ಹಾಕುವವರಿಗೆ ಬರವಣಿಗೆಯ ಮಾದರಿಯೂ ಬೇಕು. ವಾರದ ಪುಟಗಳನ್ನು ಒಟ್ಟು ಹೊಲಿದರೆ ಅದು ಆಗುವುದಿಲ್ಲ. ಅಂಥವರು, ಕರಡು ಓದಿ ತಿದ್ದಿಕೊಡುತ್ತೀರಾ ಅಂತ ಮೇಷ್ಟ್ರನ್ನು ಮೊದಲ ವಾರವೇ ಕೇಳಿಕೊಂಡು ಸೇರಿದರೆ ವಾಸಿ.

ನನ್ನ ಮಟ್ಟಿಗೆ ಲೆಕ್ಕ ಸರಳ. ಕೆಲಸ ಮಾಡಿಕೊಂಡು ಓದುವವನು ನಾನು, ಕೈಗೆ ಸಿಗುವುದು ಸಂಜೆಗಳು ಮಾತ್ರ. ಸೆಮಿಸ್ಟರ್ ಕೊನೆಯಲ್ಲಿ ಮೂರು ವಾರ ರಜೆ ಹಾಕಿ ಪ್ರಬಂಧಕ್ಕೆ ಕೂರುವ ಸ್ಥಿತಿ ಇಲ್ಲ. ವಾರಕ್ಕೊಂದು ಸಂಜೆ, ಒಂದು ಪುಟ, ಇಷ್ಟಾದರೆ ನಿಭಾಯಿಸಬಹುದು. ಆದರೆ ಡೆಡ್‌ಲೈನ್ ತಪ್ಪಿಸಿ ಬರೆಯುವ ಚಾಳಿ ಇದ್ದವರಿಗೆ ಈ ಪದ್ಧತಿ ಕಷ್ಟ, ತಡವಾದ ಪುಟ ತಗೊಳ್ಳುವುದೇ ಇಲ್ಲ.

ಒಂದೆರಡು ವಿಷಯದಲ್ಲಿ ಮಾತ್ರ ಮೊದಲನೆಯದೇ ಮುಂದು. ಓದಿನ ಪಟ್ಟಿ ಇನ್ನೂ ಹರವಾಗಿತ್ತು, ಮೇಷ್ಟ್ರ ಪಾಠವೂ ಚೆನ್ನಾಗಿತ್ತು. ಅವರದೇ ಇನ್ನೊಂದು ಸೆಮಿನಾರ್ ಬಂದರೆ ಹೋಗಿ ಕೂರುತ್ತೇನೆ. ಆದರೆ ಗ್ರೇಡಿಗಲ್ಲ, ಅಂಕವಿಲ್ಲದೆ ಸುಮ್ನೆ ಕೂತು ಕೇಳುವ ಆಡಿಟ್‌ಗೆ ಹೆಸರು ಬರೆಸಿಕೊಂಡು.